ತ್ರಾಸ ಕೊಡುವವರ ಸಾಲಿನಲ್ಲಿ

ಕಬ್ಬಿಣ ಕಡೆಯುವ ಲೇಥ್ ಮಷಿನ್ ಮುಂದೆ ನಿಲ್ಲುವವರು ತುಂಬು ತೋಳಿನ ಅಂಗಿ ಹಾಕುವುದಿಲ್ಲ. ತಿರುಗುವ ಮಷಿನ್ ಬಟ್ಟೆ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಬೆಳಗಾವಿಯ ಆಟೋ ನಗರದಲ್ಲಿ ಹದಿನಾರು ವರ್ಷ ಲೇಥ್ ನಡೆಸಿದ ನನ್ನ ಗಂಡನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥವರು ಏಪ್ರಿಲ್ ಬಿಸಿಲಿನಲ್ಲಿ ತುಂಬು ತೋಳು ಹಾಕತೊಡಗಿದರು. "ಏನ್ರೀ, ಮದುವಿ ಗಂಡಿನಂಗ ತಯಾರಾಗೀರಿ?" ಎಂದು ನಾನು ಚೇಷ್ಟೆ ಮಾಡಿದೆ. ಅವರು ನಕ್ಕರು. ಅಷ್ಟು ದಡ್ಡಿ ನಾನು.

ಒಂದು ಮಂಗಳವಾರ ಬೆಳಿಗ್ಗೆ ಬಚ್ಚಲಿನಿಂದ ಹೊರಬಂದಾಗ ಅವರ ಎಡಗೈಗೆ ಟವೆಲ್ ಸುತ್ತಿತ್ತು. ಟವೆಲ್ ಕೆಂಪಾಗಿತ್ತು.

ಗಾಯ ತಾವೇ ಮಾಡಿಕೊಂಡಿದ್ದರು.

ಆಟೋ ಹಿಡಿದು ಊರಿನ ದೊಡ್ಡ ಆಸ್ಪತ್ರೆಗೆ ಓಡಿದೆ. ಅದರ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ಆಸ್ಪತ್ರೆಯ ತಪ್ಪು ಎಂದು ಉಳಿದವರು ಆರಾಮಾಗಿ ಇದ್ದುಬಿಡುತ್ತಾರೆ.

ಕ್ಯಾಜುವಲ್ಟಿಯ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ತಾನ ಮಾಡ್ಕೊಂಡದ್ದಾ?"

ಹೌದೆಂದು ತಲೆಯಾಡಿಸಿದೆ. ಅಲ್ಲಿಂದ ನಾವು ಸಾಲಿನ ಕೊನೆಗೆ ಹೋದೆವು. ನಮ್ಮ ನಂತರ, ಕುಡಿದು ಬೈಕಿನಿಂದ ಬಿದ್ದವನೊಬ್ಬ ಬಂದ. ಅವನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮಾತಾಡಿಸುತ್ತ ಹೊಲಿಗೆ ಹಾಕಿದರು. ನಮ್ಮ ಸರದಿ ಬಂದಾಗ ಸೀದಾ ಹೊಲಿಗೆಯ ಸೂಜಿ ಎತ್ತಿಕೊಂಡರು. ಇಂಜೆಕ್ಷನ್ ಬಾಟಲಿ ಟ್ರೇಯಲ್ಲೇ ಇತ್ತು. ಕಣ್ಣಾರೆ ನೋಡಿದ್ದೇನೆ.

"ಇವರಿಗೂ ಅದನ್ನ ಕೊಡ್ರಿ, ಸರ್," ಎಂದೆ.

"ಮಾಡ್ಕೊಳ್ಳುವಾಗ ನೋವಾಗಲಿಲ್ಲ, ಈಗ ಆಗತೈತೇನು?" ಎಂದರು ಡಾಕ್ಟರ್.

ಪಕ್ಕದಲ್ಲಿದ್ದ ಸಿಸ್ಟರ್ ದನಿಗೂಡಿಸಿದರು. "ಖರೇ ಪೇಷಂಟ್ ನೋಡಾಕ ಟೈಮಿಲ್ಲ. ಇಂಥವರು ಸುಮ್ನ ತ್ರಾಸ ಕೊಡಾಕ ಬರ್ತಾರ."

ಒಂಬತ್ತು ಹೊಲಿಗೆ. ನನ್ನ ಗಂಡ ಒಮ್ಮೆಯೂ ಕೂಗಲಿಲ್ಲ.

ಮತ್ತು ನಾನು? "ತಪ್ಪಾತ್ರಿ" ಎಂದು ಕೈಮುಗಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಕುಡಿದು ಬಿದ್ದವನ ಗಾಯವೂ ಅವನೇ ತಂದುಕೊಂಡದ್ದಲ್ಲವೇ? ಅವನದು ಚರ್ಮ, ನನ್ನ ಗಂಡನದು ತಗಡೇ? ಅವನಿಗೆ ಕೊಡಬಾರದಿತ್ತು ಎನ್ನುತ್ತಿಲ್ಲ, ನಮಗೂ ಕೊಡಬೇಕಿತ್ತು ಎನ್ನುತ್ತಿದ್ದೇನೆ. ಯಾಕೆ ಹೀಗೆ ಮಾಡಿಕೊಂಡಿರಿ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಮನೆಗೆ ಬಂದು ನಾನೂ ಕೇಳಲಿಲ್ಲ. ಆ ಸಿಸ್ಟರ್ ಮಾತನ್ನೇ ತಂದು ಗಂಡನ ಮುಖಕ್ಕೆ ಎಸೆದೆ. "ಯಾಕ್ರೀ ಎಲ್ಲಾರಿಗೂ ತ್ರಾಸ ಕೊಡ್ತೀರಿ?"

ಮೂರು ವಾರ ಕಳೆದು ಮತ್ತೆ ಮಾಡಿಕೊಂಡರು. ಈ ಸಲ ಮುಚ್ಚಿಟ್ಟರು. ಖಾನಾಪುರದ ನನ್ನ ತವರಿಗೆ ಹೋಗಿದ್ದಾಗ ಜ್ವರದಿಂದ ನಡುಗತೊಡಗಿದರು. ತೋಳು ಸರಿಸಿ ನೋಡಿದರೆ ಗಾಯ ಕೀವಾಗಿತ್ತು.

"ದವಾಖಾನಿ ಬ್ಯಾಡ," ಎಂದರು. "ಕೈ ಹೋದ್ರೂ ಹೋಗ್ಲಿ. ಅಲ್ಲಿ ಬ್ಯಾಡ."

ಲೇಥ್ ನಡೆಸಿ ಹೊಟ್ಟೆ ಹೊರೆಯುವ ಮನುಷ್ಯ ತನ್ನ ಕೈಯ ಬಗ್ಗೆ ಆಡಿದ ಮಾತಿದು. ಇಂಜೆಕ್ಷನ್ ಕೊಡದೆ ಕಲಿಸಿದ ಪಾಠ ಇಷ್ಟೇ: ಮುಂದಿನ ಸಲ ಬರಬೇಡ.

ಬೇಡಿಕೊಂಡು, ಅತ್ತು, ಖಾನಾಪುರದ ಆಸ್ಪತ್ರೆಗೆ ಕರೆದೊಯ್ದೆ. ಬೈಗುಳ ತಿನ್ನಲು ತಯಾರಾಗಿಯೇ ನಿಂತಿದ್ದೆ. ಐವತ್ತು ದಾಟಿದ, ಮನೆಯಲ್ಲಿ ಮರಾಠಿ ಆಡುವ ಸಿಸ್ಟರ್ ಒಬ್ಬರು ಹಳೆಯ ಗುರುತುಗಳನ್ನೂ ಹೊಸ ಗಾಯವನ್ನೂ ನೋಡಿದರು. ಸ್ಟೂಲ್ ಎಳೆದುಕೊಂಡು ಅವರ ಎದುರಿಗೆ ಕುಳಿತರು.

"ಭಾಳ ತ್ರಾಸ ಆಗಾಕತ್ತಿತ್ತೇನ್ರೀ, ಅಣ್ಣಾ?"

ಅದೇ ಪದ. ನಮ್ಮ ಕಡೆ ಕನ್ನಡದಲ್ಲೂ ಮರಾಠಿಯಲ್ಲೂ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ, ಬಸ್ಸು ತಪ್ಪಿದರೂ ಹಲ್ಲು ನೋವಾದರೂ ಆಡುವ ಸಾದಾ ಪದ. ಬೆಳಗಾವಿಯಲ್ಲಿ ನನ್ನ ಗಂಡ ತ್ರಾಸ ಕೊಡುವವರಾಗಿದ್ದರು. ಇಲ್ಲಿ ತ್ರಾಸ ಆದವರಾದರು.

ಅವರು ಬಿಕ್ಕಿ ಬಿಕ್ಕಿ ಅತ್ತರು. "ಹೌದ್ರಿ ಅಕ್ಕಾರ. ನಮ್ಮಣ್ಣ ಹೋದಾಗಿಂದ."

ನನ್ನ ಭಾವ ತೀರಿಕೊಂಡು ಏಳು ತಿಂಗಳಾಗಿತ್ತು. ಹದಿಮೂರನೇ ದಿನಕ್ಕೆ ಇವರು ಕೆಲಸಕ್ಕೆ ಹೋದರಲ್ಲ, ದುಃಖ ಮುಗಿಯಿತು ಎಂದುಕೊಂಡಿದ್ದೆ. ಒಂದೇ ತಾಟಿನಲ್ಲಿ ಉಂಡರೂ ನನಗೆ ತಿಳಿದಿರಲಿಲ್ಲ.

ಗಾಯ ತೊಳೆಯುವ ಮೊದಲು ಸಿಸ್ಟರ್ ಇಂಜೆಕ್ಷನ್ ಕೊಟ್ಟರು. "ಮರಗಟ್ಟೂ ತನಕ ತಡೀತೀನಿ. ಗಡಿಬಿಡಿ ಏನೂ ಇಲ್ಲ." ದೊಡ್ಡ ಮಷಿನ್ ಬೇಕಾಗಲಿಲ್ಲ, ದೊಡ್ಡ ಡಾಕ್ಟರೂ ಬೇಕಾಗಲಿಲ್ಲ. ಐದು ನಿಮಿಷ ಬೇಕಾಯಿತು. ಆ ಐದು ನಿಮಿಷ ಮೊದಲೇ ಸಿಕ್ಕಿದ್ದರೆ ಎರಡನೆಯ ಗಾಯ ಇರುತ್ತಿರಲಿಲ್ಲವೇನೋ. ಈ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಲಿ? ಬೆಳಗಾವಿಯ ಆಸ್ಪತ್ರೆಗೆ ಹೋಗಿ ಕಂಪ್ಲೇಂಟ್ ಬರೆದು ಕೊಟ್ಟೆ. ಉತ್ತರ ಬಂದಿಲ್ಲ. ಇನ್ನೊಮ್ಮೆ ಹೋಗುತ್ತೇನೆ.

ಖಾನಾಪುರದ ಡಾಕ್ಟರ್ ಬರೆದುಕೊಟ್ಟ ಚೀಟಿಯಂತೆ ಈಗ ಹದಿನೈದು ದಿನಕ್ಕೊಮ್ಮೆ ಮನೋವೈದ್ಯರ ಬಳಿ ಹೋಗುತ್ತೇವೆ. ಮಾತ್ರೆ ನಡೆದಿವೆ. ಗುಣವಾಗಿದೆ ಎನ್ನಲು ನನಗಿನ್ನೂ ಧೈರ್ಯವಿಲ್ಲ.

ಹೋದ ಭಾನುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದೆ. ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಇವತ್ತ ತಲಿ ಸರಿ ಇಲ್ಲ. ಸ್ವಲ್ಪ ನನ್ನ ಬಾಜೂಕ ಕುಂದರ್ತೀ?"

ಮಾಡಿಕೊಳ್ಳುವ ಮೊದಲೇ ಹೇಳಿದ್ದು ಇದೇ ಮೊದಲು. ಗ್ಯಾಸ್ ಆರಿಸಿ, ಹಿಟ್ಟಿನ ಕೈಯಲ್ಲೇ ಹೋಗಿ ಕುಳಿತೆ.