ಅಟ್ಟವಿಲ್ಲದ ಗೋಡೌನು
ತಿಪಟೂರಿನ ಕೊಬ್ಬರಿ ವ್ಯಾಪಾರಿ ತೋಂಟದಾರ್ಯನವರಿಗೆ ಮೊಬೈಲಿನ ಗೋಡೌನು ಆಟದ ಮೇಲೆ ಎಷ್ಟು ಸಿಟ್ಟೆಂದರೆ, ಅದನ್ನು ಬೈಯುವುದಕ್ಕೆಂದೇ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡವರೇ ಆಡಲು ಕೂರುತ್ತಾರೆ. ನಾಲ್ವರು ಸೇರಿ ಒಂದೇ ಗೋಡೌನಿನಲ್ಲಿ ಸರಕು ಜೋಡಿಸಿ, ಲಾರಿ ಬಂದಾಗ ತುಂಬಿ ಕಳಿಸುವ ಆಟ ಅದು. "ಒಬ್ಬನ ಲಾರಿ ನಿಂತ್ರೆ ಮಿಕ್ಕೋರು ಓಡಿ ಬತ್ತಾರೆ, ಆ ಬುದ್ಧಿ ನಮ್ಮ ಮಂಡೀಲೂ ಇಲ್ಲ ಬುಡು" ಎಂದು ಹೊಗಳುವವರೂ ಅವರೇ, ಮರುಗಳಿಗೆಗೆ "ಇಲಿ ಇಲ್ಲ, ಹುಳ ಇಲ್ಲ, ಮೂಗಿಗೊಂದು ವಾಸನೆ ಇಲ್ಲ, ಇದೂ ಒಂದು ಗೋಡೌನಾ?" ಎಂದು ಗದರುವವರೂ ಅವರೇ. ಮೈ ಉರಿಯುವುದು ಮಾತ್ರ ಒಂದು ಕಾನೂನಿಗೆ: ವಾರವಿಡೀ ಕದಲದ ಸರಕನ್ನು ಆಟ ತಾನಾಗಿಯೇ ಕಸವೆಂದು ಎಸೆದುಬಿಡುತ್ತದೆ. "ವರ್ಷ ತುಂಬೋಗಂಟ ಅಟ್ಟದ ಮೇಲೆ ಸುಮ್ನೆ ಕೂತಿದ್ರೇನೇ ಕಣವ್ವಾ ಕಾಯಿ ಕೊಬ್ಬರಿ ಆಗೋದು! ಕೂತಿದ್ದೆಲ್ಲ ಕಸ ಅಂದೋನು ಯಾವನು?" ಎಂದು ಆಟ ಕಲಿಸಿದ ಮೊಮ್ಮಗಳು ಲಿಖಿತಾಳ ಮೇಲೆ ರೇಗುತ್ತಾರೆ. ಇಷ್ಟು ಬೈದರೂ ಒಂದು ದಿನವೂ ತಪ್ಪಿಸದೆ, ಜೊತೆಗೆ ಆಡುತ್ತಿದ್ದ ಹಳೇ ಗೆಳೆಯ ಶೆಟ್ಟಿಕೆರೆಯ ಚಿಕ್ಕಣ್ಣನ ಮೂಟೆಗಳನ್ನು ಈ ಮೂಲೆಯಿಂದ ಆ ಮೂಲೆಗೆ, ಮಾರನೇ ದಿನ ಆ ಮೂಲೆಯಿಂದ ಈ ಮೂಲೆಗೆ ಎತ್ತಿಡುತ್ತಾರೆ. ಲಕ್ವ ಹೊಡೆದ ಮೇಲೆ ಚಿಕ್ಕಣ್ಣನಿಗೆ ಬೆರಳೂ ಆಡದು, ಮಾತೂ ಹೊರಡದು. ಜಗಲಿಯ ಕುರ್ಚಿಯಲ್ಲಿ ಕೂರಿಸಿದರೆ ಕೂತಿರುತ್ತಾನೆ. 'ಬಹಳ ದಿನದಿಂದ ಆಡದ ಈ ಆಟಗಾರನನ್ನು ತೆಗೆದುಹಾಕಲೇ?' ಎಂದು ಚಿಕ್ಕಣ್ಣನ ಹೆಸರು ತೋರಿಸಿ ಮೊಬೈಲು ಕೇಳಿದಾಗಲೆಲ್ಲ ತೋಂಟದಾರ್ಯನವರು ಬೀದಿಗೇ ಕೇಳುವಂತೆ ಅದಕ್ಕೆ ಅರಚುತ್ತಾರೆ: "ಕೂತವ್ನೆ ಕಣ್ಲಾ, ಹೋಗಿಲ್ಲ!"