ಎಂಜಲ ಗಾಳಿ

ಸಿಂದಗಿಯಲ್ಲಿ ಅವನಿಗೆ ಥಂಡಿ ರಾಯರು ಎಂದೇ ಹೆಸರು. ಅಸಲು ಹೆಸರು ಸುಧೀರ ಅಗರಖೇಡಕರ, ವಯಸ್ಸು ನಲವತ್ತಮೂರು, ಕೆಲಸ ಕಂಪ್ಯೂಟರ್ ಯಂತ್ರಗಳ ಕೋಣೆಗೆ ತಂಪು ಮಾಡುವುದು. ಮನುಷ್ಯರೇ ಬೇಯುವ ಈ ಸೀಮೆಯಲ್ಲಿ ಯಂತ್ರಗಳಿಗೆ ತಂಪು ಮಾಡುವವನೊಬ್ಬ ಇದ್ದಾನೆ ಎಂದರೆ ಮಂದಿ ನಗದೆ ಇನ್ನೇನು ಮಾಡುತ್ತಾರೆ? ಚಹಾದ ಅಂಗಡಿಯಲ್ಲಿ ಕಂಡರೆ ನಮಗೂ ಒಂದೀಟು ಗಾಳಿ ಹಾಕಿ ಹೋಗ್ರಿ ಎಂದು ಕಾಡುತ್ತಿದ್ದರು. ಅವನೂ ನಗುತ್ತಿದ್ದ. ಆಗ ನಗುವುದಕ್ಕೆ ಅವನಿಗೆ ಮುಖ ಇತ್ತು.

ಹುಟ್ಟಿದ್ದು ಇಂಡಿ ತಾಲೂಕಿನ ಅಗರಖೇಡದಲ್ಲಿ. ತಂದೆ ರಾಮಚಂದ್ರ ಮಾಸ್ತರರು ಇಂಡಿಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಸಿಟ್ಟು ಬಂದಾಗ ಎರಡೂ. ಸುಧೀರ ವಿಜಯಪುರದಲ್ಲಿ ಡಿಪ್ಲೊಮಾ ಮುಗಿಸಿ ಪುಣೆಯ ದೊಡ್ಡದೊಂದು ಡಾಟಾ ಸೆಂಟರಿನಲ್ಲಿ ಒಂಬತ್ತು ವರ್ಷ ದುಡಿದ. ಸರ್ವರ್ ಎಂಬ ಯಂತ್ರ ಮುಖದಿಂದ ತಂಪು ಗಾಳಿ ಎಳೆದುಕೊಂಡು ಬೆನ್ನಿನಿಂದ ಬಿಸಿ ಗಾಳಿ ಬಿಡುತ್ತದೆ ಎಂದು ಅಲ್ಲಿ ಮೊದಲ ವಾರ ಹೇಳಿಕೊಟ್ಟಾಗ ಅವನಿಗೆ ಥಟ್ಟನೆ ಹೊಳೆದದ್ದು ತಮ್ಮ ಮನೆಯ ಊಟದ ಪಂಕ್ತಿ. ಎರಡು ಸಾಲು ಎದುರುಬದುರು ಕೂರುತ್ತದೆ, ನಡುವಿನ ಹಾದಿಯಲ್ಲಿ ಬಡಿಸುವವರು ಓಡಾಡುತ್ತಾರೆ, ಎಲ್ಲರ ಬೆನ್ನೂ ಗೋಡೆಗೆ. ಸರ್ವರುಗಳ ಸಾಲನ್ನೂ ಹಾಗೆ ಮುಖಕ್ಕೆ ಮುಖ ಮಾಡಿ ನಿಲ್ಲಿಸಿ ನಡುವೆ ತಂಪು ಬಡಿಸಿದರಾಯಿತು, ಬಿಸಿಯೆಲ್ಲ ಬೆನ್ನ ಹಿಂದೆ ಉಳಿಯುತ್ತದೆ. ಗಾಳಿಗೆ ದಾರಿ ಮಾಡಿಕೊಟ್ಟರೆ ಅರ್ಧ ಥಂಡಿ ಸಾಕು, ಅರ್ಧ ಕರೆಂಟೂ ಸಾಕು ಎನ್ನುವುದು ಅವನ ಜಪವಾಯಿತು.

ಹೆಂಡತಿ ಮುಕ್ತಾಳಿಗೆ ಸಿಂದಗಿಯ ಶಾಲೆಯಲ್ಲಿ ನೌಕರಿ ಸಿಕ್ಕಾಗ ಅವನು ಪುಣೆ ಬಿಟ್ಟು ಬಂದ. ಮೋಟರ್‌ಸೈಕಲ್ ಮೇಲೆ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸುತ್ತಿ, ಕಾರ್ಖಾನೆ, ಆಸ್ಪತ್ರೆ, ಕಾಲೇಜುಗಳಲ್ಲಿ ಗೂಡಿನಂಥ ಕೋಣೆಯೊಳಗೆ ಕುದಿಯುತ್ತಿದ್ದ ಯಂತ್ರಗಳನ್ನು ಒಂದೊಂದಾಗಿ ಸರಿಮಾಡಿದ. ಯಂತ್ರದ ಬೆನ್ನಿಗೆ ಅಂಗೈ ಹಿಡಿದರೆ ಸಾಕು, ಎಷ್ಟು ಡಿಗ್ರಿ ಎಂದು ಹೇಳುತ್ತಿದ್ದ. ಮೀಟರು ಹಿಡಿದು ನೋಡಿದರೆ ಒಂದು ಡಿಗ್ರಿ ಆಚೀಚೆ ಇರುತ್ತಿತ್ತು.

ಆಲಮೇಲದ ಬಸಂತರಾಯರು ಅವನನ್ನು ಹುಡುಕಿಕೊಂಡು ಬಂದದ್ದು ಈ ಹೆಸರು ಕೇಳಿಯೇ. ದೊಡ್ಡ ಹಿಡುವಳಿಯ ಮನುಷ್ಯ, ಮಾತಿಗೆ ತೂಕ, ಕೈಗೆ ಧಾರಾಳ. ಸಿಂದಗಿಯೂ ಸೇರಿ ಈ ನಾಲ್ಕೂ ಊರಲ್ಲಿ ಅವರ ರಕ್ತಪರೀಕ್ಷೆಯ, ಸ್ಕ್ಯಾನಿಂಗಿನ ಲ್ಯಾಬುಗಳಿದ್ದವು. ಎಲ್ಲದರ ಚಿತ್ರ, ವರದಿಗಳು ಸಿಂದಗಿಯ ಒಂದೇ ಕೋಣೆಗೆ ಬಂದು ಸೇರಬೇಕು, ಎಂದೂ ನಿಲ್ಲಬಾರದು ಎಂದರು. ಸುಧೀರ ತನ್ನ ವಿದ್ಯೆಯನ್ನೆಲ್ಲ ಸುರಿದು ಕಟ್ಟಿದ. ಯಂತ್ರಗಳ ಎರಡು ಸಾಲು ಎದುರುಬದುರು, ನಡುವಿನ ನೆಲದ ಜಾಲರಿಯಿಂದ ಏಳುವ ತಂಪು. ಏಸಿಗಳು ಎರಡು, ಒಂದು ದುಡಿಯಬೇಕು, ಒಂದು ಮಲಗಬೇಕು, ದುಡಿಯುವುದು ಕೆಟ್ಟರೆ ಮಲಗಿದ್ದು ಎದ್ದು ನಿಲ್ಲಬೇಕು.

ಉದ್ಘಾಟನೆಯ ಹಿಂದಿನ ದಿನ ಬಸಂತರಾಯರು ಗಾಜಿನ ಬಾಗಿಲ ಮುಂದೆ ನಿಂತರು. ಅವರ ಕಣ್ಣಿಗೆ ಬಿದ್ದದ್ದು ಮೊದಲ ಸಾಲಿನ ಬೆನ್ನು, ಅದರ ತುಂಬ ಜೋತುಬಿದ್ದ ವೈರುಗಳು.

"ಸುಧೀರರಾವ್, ಬಂದ ಮಂದಿಗೆ ಬೆನ್ನ ತೋರಿಸಿ ನಿಂತಾವಲ್ರಿ. ಇದ್ಯಾವ ಪದ್ಧತಿ?"

ಸುಧೀರ ಗಾಳಿಯ ದಾರಿಯ ಮಾತು ಒಮ್ಮೆ ಹೇಳಿದ. ಒಮ್ಮೆ ಮಾತ್ರ ಹೇಳಿದ ಎನ್ನುವುದನ್ನು ಗಮನಿಸಬೇಕು. ಬಸಂತರಾಯರು ಅವನ ಹೆಗಲ ಮೇಲೆ ಕೈಯಿಟ್ಟು, ಎರಡು ದಿನದ ಮಟ್ಟಿಗೆ ತಿರುಗಿಸಿ ನಿಲ್ಲಿಸ್ರಿ, ಮಂದಿ ಹೋದ ಮೇಲೆ ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿಕೊಳ್ರಿ ಎಂದರು. ದೊಡ್ಡವರ ಕೈ ಹೆಗಲ ಮೇಲಿದ್ದಾಗ ನಮ್ಮ ಕಡೆಯವರ ಕತ್ತು ತಾನಾಗಿ ಆಡುತ್ತದೆ. ಮೊದಲ ಸಾಲು ತಿರುಗಿ ಬಾಗಿಲಿಗೆ ಮುಖ ಮಾಡಿತು, ಹಿಂದಿನ ಸಾಲಿನ ಮುಖಕ್ಕೆ ಅದರ ಬೆನ್ನು ಬಂತು. ಹಾರ ಹಾಕಿದರು, ಕಾಯಿ ಒಡೆದರು, ಪೇಪರಿನಲ್ಲಿ ಫೋಟೊ ಬಂತು. ಫೋಟೊ ಬಂದ ಮೇಲೆ, ಇದು ತಪ್ಪು, ಅರ್ಧ ದಿನ ಎಲ್ಲ ನಿಲ್ಲಿಸಿ ಮತ್ತೆ ತಿರುಗಿಸಬೇಕು ಎನ್ನಲು ಸುಧೀರನಿಗೆ ಬಾಯಿ ಬರಲಿಲ್ಲ. ಎರಡು ದಿನದ ಮಾತು ಎರಡು ವರ್ಷವಾಯಿತು.

ತಪ್ಪನ್ನು ಅವನು ಥಂಡಿಯಿಂದ ಮುಚ್ಚಿದ. ಇಪ್ಪತ್ತೈದು ಡಿಗ್ರಿಗೆ ನಡೆಯಬೇಕಿದ್ದ ಕೋಣೆಯನ್ನು ಹದಿನಾರಕ್ಕೆ ಇಳಿಸಿದ. ಅದೂ ಸಾಲದೆ ಮಲಗಬೇಕಿದ್ದ ಏಸಿಯನ್ನೂ ಎಬ್ಬಿಸಿ ಹಗಲೂ ರಾತ್ರಿ ದುಡಿಸಿದ. ಒಂದು ಕೆಟ್ಟರೆ ಎದ್ದು ನಿಲ್ಲಲು ಇನ್ನೊಂದು ಉಳಿದಿರಲಿಲ್ಲ. ಬಂದವರು ಒಳಗೆ ಕಾಲಿಟ್ಟು ಗಡಗಡ ನಡುಗಿ, ಭಲೇ ರಾಯರ ಎನ್ನುತ್ತಿದ್ದರು. ಆ ನಡುಕವೇ ತನ್ನ ಸೋಲು ಎಂದು ಅವನೊಬ್ಬನಿಗೆ ಗೊತ್ತಿತ್ತು.

ಅವನೊಬ್ಬನಿಗೆ ಎಂದೆ, ತಪ್ಪಾಯಿತು. ಇನ್ನೊಬ್ಬರಿಗೂ ಗೊತ್ತಾಗಿತ್ತು. ಸಾವಂತ್ರವ್ವ ಎಂದು ಐವತ್ತೈದರ ಹೆಂಗಸು, ಬೆಳಿಗ್ಗೆ ಮುಕ್ತಾಳ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸಿ, ಮಧ್ಯಾಹ್ನ ಈ ಲ್ಯಾಬಿಗೆ ಬಂದು ಕಸ ಹೊಡೆಯುತ್ತಿದ್ದಳು. ಯಂತ್ರದ ಕೋಣೆಯನ್ನು ಒಣಬಟ್ಟೆಯಿಂದ ಒರೆಸಿ, ಬಾಗಿಲನ್ನು ಟಕ್ ಎನ್ನುವವರೆಗೆ ಎಳೆಯಬೇಕು ಎಂದು ಅವಳಿಗೆ ಕಲಿಸಿದವನು ಸುಧೀರನೇ. ಮೊದಲ ದಿನ ಉಮೇದಿನಲ್ಲಿ ಪಂಕ್ತಿಯ ಕತೆಯನ್ನೂ ಹೇಳಿದ್ದ. ಉದ್ಘಾಟನೆಯಾದ ವಾರಕ್ಕೆ ಅವಳು ಒರೆಸುವ ಬಟ್ಟೆ ಹಿಡಿದು ಎರಡು ಸಾಲಿನ ನಡುವೆ ನಿಂತು ಹುಬ್ಬು ಗಂಟಿಕ್ಕಿದಳು.

"ರಾಯರ, ಹಿಂದಿನ ಸಾಲಿನವ್ರಿಗೆ ಎಂಜಲ ಗಾಳಿ ಉಣಸಾಕತ್ತೀರಲ್ರಿ. ಮುಂದಿನವ್ರು ಬಿಟ್ಟ ಉಸರ ಇವ್ರ ಮಾರಿಗೆ ಬಡೀತೈತಿ."

ಸುಧೀರ ಒಂಬತ್ತು ವರ್ಷ ಪುಣೆಯಲ್ಲಿ ಕಲಿತದ್ದನ್ನು ಅವಳು ಕೆನ್ನೆಗೆ ತಾಗಿದ ಬಿಸಿಯಿಂದ ಹೇಳಿಬಿಟ್ಟಿದ್ದಳು. ನಿನಗೆ ತಿಳಿಯುವುದಿಲ್ಲ, ನಿನ್ನ ಕೆಲಸ ನೀ ಮಾಡು ಎಂದು ಗದರಿದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಹೋದ ವರ್ಷ ಮೇ ತಿಂಗಳು, ಹೊರಗೆ ನಲವತ್ತಮೂರು ಡಿಗ್ರಿ. ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಏಸಿ ಕೈಕೊಟ್ಟಿತು. ಎರಡನೆಯದು ಒಂಟಿಯಾಗಿ ಎಳೆಯಲಾರದೆ ಹೋಯಿತು. ಅರ್ಧ ಗಂಟೆಯಲ್ಲಿ ಹಿಂದಿನ ಸಾಲಿನ ಯಂತ್ರಗಳು ಬಿಸಿ ತಾಳದೆ ಒಂದರ ಹಿಂದೊಂದು ತಾವೇ ಬಂದ್ ಆದವು. ಒಂದೂವರೆ ದಿನ ನಾಲ್ಕು ಊರಿನ ವರದಿಗಳು ನಿಂತುಹೋದವು. ಮುದ್ದೇಬಿಹಾಳದಲ್ಲಿ ಬಸುರಿಯರು ಚೀಟಿ ಹಿಡಿದು ಬೆಂಚಿನ ಮೇಲೆ ಕಾದರು, ಬಾಗೇವಾಡಿಯಲ್ಲಿ ಕೈ ಮುರಿದ ಮುದುಕರೊಬ್ಬರನ್ನು ನಾಳೆ ಬನ್ನಿ ಎಂದು ಕಳಿಸಿದರು. ಜೀವಕ್ಕೆ ಯಾರಿಗೂ ಏನೂ ಆಗಲಿಲ್ಲ, ಅದು ದೇವರು ಮಾಡಿದ ಪುಣ್ಯ.

ಬಸಂತರಾಯರು ಎಲ್ಲರನ್ನೂ ಕೂರಿಸಿಕೊಂಡು ಕಾರಣ ಕೇಳಿದರು. ಆ ಬಾಗಿಲು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂಬುದನ್ನು ಗೋಡೆಯ ಸಣ್ಣ ಯಂತ್ರವೊಂದು ಬರೆದಿಡುತ್ತಿತ್ತು. ಅದನ್ನು ತೆಗೆದು ನೋಡಬಲ್ಲವನು ಸುಧೀರನೊಬ್ಬನೇ, ಅವನು ಮೊದಲೇ ನೋಡಿದ್ದ. ಏಸಿ ಕೆಟ್ಟ ದಿನ ಸಾವಂತ್ರವ್ವ ಹೊರಗೆ ಬಂದದ್ದು, ಬಾಗಿಲು ಭದ್ರವಾಗಿ ಕೂತದ್ದು, ಒಂದು ಗಂಟೆ ಹನ್ನೆರಡು ನಿಮಿಷಕ್ಕೆ. ಆಮೇಲೆ ಯಾರೂ ತೆರೆದಿರಲಿಲ್ಲ. ಆದರೂ ಎಲ್ಲರ ಕಣ್ಣು ತನ್ನ ಮೇಲೆ ಬಿದ್ದಾಗ ಅವನ ಬಾಯಿಂದ ಬಂದದ್ದು, ಬಾಗಿಲು ತೆರೆದು ಉಳಿದಿತ್ತೇನೋ ಎಂಬ ಮಾತು. ಏನೋ ಎಂದೇ ಹೇಳಿದ್ದ. ಬಸಂತರಾಯರು ಆ ಏನೋವನ್ನು ಕಿತ್ತೊಗೆದು ಉಳಿದದ್ದನ್ನು ಹಿಡಿದುಕೊಂಡರು.

ಸಾವಂತ್ರವ್ವನನ್ನು ಕರೆಸಿದರು. ಅವಳು ಸೆರಗು ಹಿಡಿದು ನಿಂತು, ಹಾಕಿದ ಹಾಗೆ ನೆನಪಿದೆ ಎಂದಳು. ಆಮೇಲೆ ಸುಧೀರನ ಕಡೆ ತಿರುಗಿದಳು.

"ರಾಯರ, ನೀವ ಹೇಳ್ರಿ. ತೆರೆದಿತ್ತೇನ್ರಿ?"

"ತೆರೆದಿತ್ತು," ಎಂದ ಸುಧೀರ.

"ನೀವು ಅಂದ್ರ ಖರೇನ ಇರಬೇಕ್ರಿ. ನನಗ ಅರವು ಇಲ್ಲ," ಎಂದು ಅವಳು ಕೈಮುಗಿದಳು. ಮರುದಿನದಿಂದ ಬರುವುದು ಬೇಡ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆಯುವವನಿಗೆ ಜ್ವರ ಯಾರಿಗೆ ಬಂದಿದೆ ಎಂಬುದೂ ಗೊತ್ತಿತ್ತು.

ಮುಂದಿನ ಭಾನುವಾರ ಅವನು ಯಾರಿಗೂ ವಿವರ ಹೇಳದೆ ರಿಪೇರಿಯ ನೆಪದಲ್ಲಿ ಮೊದಲ ಸಾಲನ್ನು ತಿರುಗಿಸಿ ನಿಲ್ಲಿಸಿದ. ಖಾಲಿ ಸಂದುಗಳನ್ನು ತಗಡಿನಿಂದ ಮುಚ್ಚಿದ, ಬೆನ್ನು ಕಾಣದಂತೆ ಬಾಗಿಲ ಗಾಜಿಗೆ ಬಣ್ಣದ ಹಾಳೆ ಅಂಟಿಸಿದ. ನಾಲ್ಕು ತಾಸಿನ ಕೆಲಸ. ಕೋಣೆ ಇಪ್ಪತ್ತೈದು ಡಿಗ್ರಿಯಲ್ಲಿ ಹಾಯಾಗಿ ನಡೆಯಿತು, ಒಂದು ಏಸಿ ಮಲಗಿತು, ಕರೆಂಟು ಅರ್ಧದ ಹತ್ತಿರ ಇಳಿಯಿತು. ಬಸಂತರಾಯರು ಖುಷಿಯಾಗಿ ಸಿಬ್ಬಂದಿಯ ಮುಂದೆ ಅವನಿಗೆ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಗಲ ಮೇಲಿನ ಆ ಶಾಲನ್ನು ಸುಧೀರ ಎರಡು ಸಲ ಮುಟ್ಟಿ ನೋಡಿಕೊಂಡ, ಗಾದೆಯ ಕುಂಬಳಕಾಯಿ ಕಳ್ಳನೂ ಅಷ್ಟು ಮುಟ್ಟಿ ನೋಡಿಕೊಂಡಿರಲಿಕ್ಕಿಲ್ಲ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಮನೆಗೆ ಬಂದವನು ಅದನ್ನು ಟ್ರಂಕಿನ ತಳಕ್ಕೆ ತುರುಕಿ ಮುಕ್ತಾಳಿಗೂ ತೋರಿಸಲಿಲ್ಲ. ಸಾವಂತ್ರವ್ವನ ಮನೆಯ ಓಣಿ ತಪ್ಪಿಸಲು ಸುತ್ತು ಹಾಕಿ ಬಸ್ ಸ್ಟ್ಯಾಂಡ್ ಕಡೆಯಿಂದ ಹೋಗುವುದನ್ನು ರೂಢಿ ಮಾಡಿಕೊಂಡ. ಒಂದು ಕೆಲಸ ಹೋದರೆ ಇನ್ನೊಂದಿದೆಯಲ್ಲ, ಶಾಲೆಯ ಅಡಿಗೆ ಇದೆಯಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಆಗಸ್ಟಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ಮುಕ್ತಾ ಸುದ್ದಿ ಹೇಳಿದಳು. ಸಾವಂತ್ರವ್ವ ಶಾಲೆಯ ಅಡಿಗೆಯನ್ನೂ ಬಿಟ್ಟಿದ್ದಳು. ಯಾರೂ ಬಿಡಿಸಿದ್ದಲ್ಲ, ತಾನೇ ಕೀಲಿ ತಂದು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟು ಹೋಗಿದ್ದಳು.

"ತನಗ ಮರವು ಬಂದದ ಅಂತಾಳ್ರಿ," ಎಂದಳು ಮುಕ್ತಾ. "ಬಾಗಲಾ ಹಾಕಿದ್ದು ಪಕ್ಕಾ ನೆನಪಿತ್ತಂತ, ಆದ್ರ ಹಾಕಿರಲಿಲ್ಲಂತ. ನಾಳೆ ಗ್ಯಾಸ್ ಹಂಗ ಬಿಟ್ರ ಮಕ್ಕಳ ಗತಿ ಏನು ಅಂತ ಅತ್ಲು."

ಸುಧೀರನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅವನು ಅವಳ ಕೆಲಸ ಕಳೆದಿದ್ದೇನೆ ಎಂದುಕೊಂಡಿದ್ದ, ಅವಳ ನೆನಪನ್ನೇ ಕಳೆದಿದ್ದ. ತನ್ನ ಬಗ್ಗೆ ಅವನಿಗೆ ಅಷ್ಟು ಹೇಸಿಕೆ ಹಿಂದೆಂದೂ ಆಗಿರಲಿಲ್ಲ.

ಆದರೂ ಅವನ ಹೆದರಿಕೆ ನೋಡಿ. ಸತ್ಯ ಹೇಳುವುದು ಬಿಟ್ಟು ಬಸಂತರಾಯರ ಬಳಿ ಹೋಗಿ, ಪಾಪ ಬಡವಿ, ಮತ್ತೆ ಕರೆಸಿಕೊಳ್ಳೋಣ ಎಂದು ಬೇಡಿಕೊಂಡ. ಅವರು ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದರು. ಮಾಫ್ ಮಾಡಿದ್ದೇವೆ ಎಂದು ಹೇಳಿ ಕರೆದುಕೊಂಡು ಬನ್ನಿ ಎಂದರು. ಆ ಮಾಫಿಯನ್ನು ಹೊತ್ತುಕೊಂಡು ಥಂಡಿ ರಾಯರು ಮೂರು ತಿಂಗಳಿಂದ ತಪ್ಪಿಸಿದ್ದ ಓಣಿಗೆ ಬಂದರು.

ಸಾವಂತ್ರವ್ವ ಚಾಪೆ ಹಾಸಿದಳು, ಚಹಾಕ್ಕೆ ಇಡಲು ಸೊಸೆಗೆ ಹೇಳಿದಳು. ಮರವಿನ ಅಂಜಿಕೆಯಿಂದ ಸಾವಂತ್ರವ್ವ ಈಗ ತಾನು ಒಲೆ ಮುಟ್ಟುವುದಿಲ್ಲವಂತೆ. ಸುಧೀರ ಗಂಟಲು ಸರಿಮಾಡಿಕೊಂಡು, ಸಾಹೇಬರು ಮಾಫ್ ಮಾಡಿದ್ದಾರೆ, ನಾಳೆಯಿಂದ ಕೆಲಸಕ್ಕೆ ಬಾ ಎಂದ.

"ಬ್ಯಾಡ್ರಿ ರಾಯರ," ಎಂದಳು ಅವಳು. "ಮಾಫ್ ಮಾಡಿದ್ದು ಅವ್ರ ದೊಡ್ಡಗುಣ. ಮತ್ತ ಮರತೆ ಅಂದ್ರ ಎಷ್ಟ ಮಂದಿಗೆ ತ್ರಾಸ ಆಗ್ತೈತಿ. ನನ್ನ ಕೈ ಮ್ಯಾಲ ನನಗ ಭರೋಸ ಇಲ್ರಿ."

ಇನ್ನು ಅವನಿಗೆ ತಪ್ಪಿಸಿಕೊಳ್ಳಲು ಓಣಿ ಇರಲಿಲ್ಲ. ತಲೆ ತಗ್ಗಿಸಿ ಹೇಳಿದ. ಬಾಗಿಲು ಮುಚ್ಚಿತ್ತು, ಒಂದು ಹನ್ನೆರಡಕ್ಕೆ ನೀನೇ ಹಾಕಿದ್ದೆ, ಗೋಡೆಯ ಯಂತ್ರ ಬರೆದದ್ದನ್ನು ನಾನು ನೋಡಿದ್ದೆ, ನೋಡಿಯೂ ಸುಳ್ಳು ಹೇಳಿದೆ. ಸಾಲು ತಿರುಗಿಸಿದವನು ನಾನು, ಯಂತ್ರ ನಿಂತದ್ದು ನನ್ನಿಂದ, ನೀನು ಅಂದೇ ಹೇಳಿದ್ದೆ, ನಾನು ಗದರಿದೆ.

ಅವನು ಬೈಗುಳಕ್ಕೆ ಕಾದ. ಬೈದಿದ್ದರೆ ಹಗುರಾಗುತ್ತಿದ್ದನೇನೋ.

"ಅಂದ್ರ ನಾ ಬಾಗಲಾ ಹಾಕಿದ್ದೆ," ಎಂದಳು ಸಾವಂತ್ರವ್ವ.

"ಹಾಕಿದ್ದಿ."

ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಒಳಗಿನಿಂದ ಸೊಸೆಯನ್ನು ಕರೆದು ಪಕ್ಕಕ್ಕೆ ನಿಲ್ಲಿಸಿಕೊಂಡು, ಈಕಿಯ ಮುಂದೆ ಇನ್ನೊಮ್ಮೆ ಹೇಳ್ರಿ ಎಂದಳು. ಸೊಸೆ ಚಹಾದ ಕಪ್ಪು ಹಿಡಿದು ಅವನನ್ನೇ ನೋಡುತ್ತ ನಿಂತಳು. ಹೊಸ ಕಣ್ಣುಗಳ ಮುಂದೆ ಸುಧೀರನ ನಾಲಿಗೆ ಮತ್ತೆ ಹಳೆಯ ಚಾಳಿಗೆ ಹೊರಳಿತು. ಅಂದು ಗಡಿಬಿಡಿ ಬಹಳವಿತ್ತು, ಏಸಿಯೂ ಹಳೆಯದಾಗಿತ್ತು, ತಿಳಿಯುವುದರಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಆಯಿತು ಎಂದು ಶುರುಮಾಡಿದ.

ಸಾವಂತ್ರವ್ವ ಕೈಯೆತ್ತಿ ತಡೆದಳು.

"ಹಂಗಲ್ರಿ ರಾಯರ. ಮೊದಲ ಹೇಳಿದಂಗ ಹೇಳ್ರಿ."

ಸುಧೀರ ಸೊಸೆಯ ಮುಖ ನೋಡಿ ಮೊದಲು ಹೇಳಿದ ಹಾಗೆ ಹೇಳಿದ.