ಕತ್ತಿ ಕೆಳಗಿಟ್ಟ ಮೇಲಿನ ಮಾತು

ಇಂಡಿ ರಸ್ತೆಗೆ ಹೊಂದಿಕೊಂಡ ನಮ್ಮೂರಿನಲ್ಲಿ ಒಬ್ಬರು ಕ್ಷೌರಿಕರಿದ್ದರು. ಅವರ ಅಂಗಡಿಯೇ ನಮ್ಮ ಲೋಕಸಭೆ; ಶಿಸ್ತು ಮಾತ್ರ ದಿಲ್ಲಿಗಿಂತ ಹೆಚ್ಚು. ಕೊರಳಿಗೆ ಕತ್ತಿ ಇಟ್ಟಾಗ ಗಿರಾಕಿ ಅಂದ ‘ಹೌದು’ ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ವಾದ ಎದ್ದರೆ ಕತ್ತಿ ಕೆಳಗಿಟ್ಟು, “ಈಗ ಹೇಳ್ರಿ, ಖರೆ ಏನು?” ಎನ್ನುತ್ತಿದ್ದರು. ಘನವಿದ್ವಾಂಸರು ಅರ್ಧ ಗಡ್ಡದಲ್ಲೇ ವಾದಿಸುತ್ತಿದ್ದರು.

ಹೊಸ ಟಾಕಿಯ ನೀರು ಕುಡಿದು ಮಕ್ಕಳು ವಾಂತಿ ಮಾಡಿಕೊಂಡ ವಾರ, ಟಾಕಿ ಕಟ್ಟಿಸಿದ ಗುತ್ತಿಗೆದಾರ ಗಡ್ಡಕ್ಕೆ ಬಂದ.

“ನೀರು ಕೆಟ್ಟೈತಿ ಅಂತ ಊರಿಗೆಲ್ಲ ಹೇಳಾಕತ್ತೀಯಂತಲ್ಲ? ನಾಳಿಂದ ಚಲೋ ಐತಿ ಅನ್ನು.”

ಕತ್ತಿ ಕೆಳಗಿಳಿಯಿತು. “ಚಲೋ ಐತಿ ಅಂತ ತೋರಸ್ರಿ ಸಾವ್ಕಾರ್ರ, ಆಮ್ಯಾಲ ನಾನೂ ಹಂಗ ಅಂತೇನಿ.”

“ತೋರಸಾಕ ಇದೇನ್ ಕೋರ್ಟೇನಲೇ? ಅಂಗಡಿ ಜಾಗಾ ಯಾರದು, ಗೊತ್ತೈತಿಲ್ಲ?”

“ಜಾಗಾ ನಿಮ್ದರಿ. ಹೊಟ್ಟಿ ಹುಡುಗರ್ದು.”

ಮರುದಿನ ಅಂಗಡಿಗೆ ಬೀಗ ಬಿತ್ತು. ಅವರು ಕುರ್ಚಿಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಊರು ಬಿಟ್ಟು ಸಿಂದಗಿಗೆ ಹೋದರು. ಅಂಗಡಿಯ ವಾದವೀರರು ಸಾಲಾಗಿ ನಿಂತು ನೋಡಿದರು.

ಮುಕ್ತ ಚರ್ಚೆಯಲ್ಲಿ ಸತ್ಯ ತಾನಾಗಿಯೇ ಗೆಲ್ಲುತ್ತದೆ ಎಂದು ಅದೇ ಮಹಾನುಭಾವರು ಈಗಲೂ ಗುತ್ತಿಗೆದಾರನ ಕಟ್ಟೆಯ ಮೇಲೆ ಕುಳಿತು ಹೇಳುತ್ತಾರೆ. ಹೇಳಿ ಹೇಳಿ ಬಾಯಾರಿದರೆ ಬಾಟಲಿ ನೀರು ತರಿಸಿಕೊಂಡು ಕುಡಿಯುತ್ತಾರೆ.